ಮೂರು ಮನೆಯ ಮಾತು

1913ನೆಯ ಇಸವಿ ಡಿಸೆಂಬರು 21ರಂದು ಆರ್ಥರ್ ವಿನ್ ಎಂಬವರು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಮೊದಲ ಪದಬಂಧವನ್ನು ಪ್ರಕಟಿಸಿದಾಗ ಮನೆಗೊಂದು ವರ್ಣ ಸಾಕಾಗಿತ್ತು. ಕನ್ನಡದಲ್ಲಾದರೋ ಗುಣಿತ, ಒತ್ತುಗಳ ಸಹಿತವಾದ ಅಕ್ಷರವೇ ಅಡ್ಡಸಾಲಿಗೂ ಕೆಳಸಾಲಿಗೂ ಏಕರೂಪವಾಗಿ ಒಪ್ಪಬೇಕು. ಸ್ವಾರಸ್ಯವೂ ಸಂಕಟವೂ ಇದರಲ್ಲಿಯೇ ಇವೆ.

ಮೊನ್ನೆ ಕ್ಯಾಲನೂರಿನ ನಮ್ಮ ಜಗಲಿಯಲ್ಲಿ ಕುಳಿತು, ‘ಬಡಿಸುವ ಸಾಧನ, ಮೂರು ಮನೆ’ ಎಂಬುದಕ್ಕೆ ಅಮರಕೋಶವನ್ನು ಮನಸ್ಸಿನಲ್ಲಿಯೇ ತಿರುವಿದೆನು. ‘ದರ್ವಿ’ಗೆ ಎರಡೇ ಮನೆ, ‘ಖಜಾಕಾ’ ಸರಿಯಾಗಿ ಮೂರು! ಹಿಗ್ಗಿನಿಂದ ಶಾಯಿಯಲ್ಲಿಯೇ ಬರೆದುಬಿಟ್ಟೆನು. ಆದರೆ ನಡುಮನೆಯಲ್ಲಿ ಮುಗಿಯುವ ಕೆಳಸಾಲಿನ ಮಾತು ‘ಒಟ್ಟು’. ಎಷ್ಟು ಹೆಣಗಿದರೂ ‘ಜಾ’ ‘ಟ್ಟು’ ಆಗಲೊಲ್ಲದು.

“ಸಟ್ಟುಗವಲ್ಲವೇನು?” ಎಂದಳು ನನ್ನಾಕೆ, ಅದನ್ನೇ ಕೈಯಲ್ಲಿ ಹಿಡಿದು.

ಎಷ್ಟೋ ವರ್ಷಗಳ ಹಿಂದೆ ‘ದರ್ವಿ’ಗೆ ಇದೇ ಅರ್ಥವನ್ನು ಬರೆದಿದ್ದ ಹುಡುಗನೊಬ್ಬನಿಗೆ, ಗ್ರಾಮ್ಯವೆಂದು ನಾನು ಕೆಂಪುಗೆರೆ ಎಳೆದು ಅಂಕ ಕಳೆದಿದ್ದೆನು.