ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬಾರದೆಂಬುದು ನಮ್ಮ ಹಿರಿಯರ ಮಾತು. ಅತಿಥಿಯ ವಿಷಯದಲ್ಲಿ ಅದು ದಿಟವಾದ ಮಾತು. ಒಬ್ಬರ ಮನೆಯ ಪಡಸಾಲೆಯಲ್ಲಿ ಎಲೆ ಹಾಕಿಸಿಕೊಂಡು ಕುಳಿತು, ಇವರ ಸೂರಿನಲ್ಲಿ ಹುಳು ಹಿಡಿದ ಜಂತೆಗಳೆಷ್ಟೆಂದು ತಲೆಯೆತ್ತಿ ಲೆಕ್ಕ ಹಾಕುವವನಲ್ಲಿ ಕೃತಜ್ಞತೆಯೂ ಇಲ್ಲ, ಮರ್ಯಾದೆಯೂ ಇಲ್ಲ. ಆದರೆ ಈ ಗಾದೆಯನ್ನು ವಿಶ್ವವಿದ್ಯಾನಿಲಯದ ಅಧ್ಯಾಪಕರ ಮೇಲೂ ಪ್ರಯೋಗಿಸುವ ವಾಡಿಕೆ ಈಚೆಗೆ ಬಲವಾಗುತ್ತಿದೆ. ಪ್ರಾಧ್ಯಾಪಕರೊಬ್ಬರು ಸರ್ಕಾರದ ನೀತಿಯನ್ನೋ, ಯುದ್ಧವನ್ನೋ, ಚುನಾವಣೆಯನ್ನೋ ಕುರಿತು ಯಾವುದೋ ಸಭೆಯಲ್ಲಿ ಕಟುವಾದ ಮಾತೊಂದನ್ನಾಡುತ್ತಾರೆ. ಆ ಮಾತಿನ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿ ಸಂಜೆಯೊಳಗೆ ನಾಡನ್ನೆಲ್ಲ ಸುತ್ತುತ್ತದೆ. ಮರುದಿನ, ಸಂಬಳ ಕೊಡುವ ಕೈಯನ್ನೇ ನಿಂದಿಸುವ ಇವರನ್ನು ಅಮಾನತಿನಲ್ಲಿಡಿ, ವಜಾ ಮಾಡಿ ಎಂಬ ಮನವಿಪತ್ರ ಕುಲಪತಿಗಳ ಮೇಜಿನ ಮೇಲಿರುತ್ತದೆ.

ಈ ಬೇಡಿಕೆಯ ಬುಡದಲ್ಲಿ ಒಂದು ತಪ್ಪು ಗ್ರಹಿಕೆಯುಂಟು. ಅಧ್ಯಾಪಕನು ಸಮಾಜದ ಮನೆಗೆ ಊಟಕ್ಕೆ ಬಂದವನಲ್ಲ. ಸೂರಿನ ಜಂತೆಗಳನ್ನು ಒಂದೊಂದಾಗಿ ತಟ್ಟಿ ನೋಡಿ, ಗೆದ್ದಲು ಹಿಡಿದುದು ಯಾವುದು, ಗಟ್ಟಿಯಾಗಿರುವುದು ಯಾವುದು ಎಂದು ಹೇಳಲಿಕ್ಕಾಗಿಯೇ ಸಮಾಜವು ಕೂಲಿ ಕೊಟ್ಟು ಕರೆಸಿಕೊಂಡ ಬಡಗಿ. ಅವನು ಒಮ್ಮೊಮ್ಮೆ ತಪ್ಪು ಹೇಳಬಹುದು, ಒರಟಾಗಿಯೂ ಹೇಳಬಹುದು. ಆದರೆ ಹೇಳಿದುದಕ್ಕಾಗಿಯೇ ಅವನ ಕೂಲಿಯನ್ನು ಕಿತ್ತುಕೊಳ್ಳುವ ಮನೆಯೊಡೆಯನು, ಮುಂದೆ ಬರುವ ಬಡಗಿಗಳೆಲ್ಲರೂ ಸೂರು ಭದ್ರವಾಗಿದೆಯೆಂದೇ ಹೇಳಿ ಹೋಗುವಂತೆ ಮಾಡಿಕೊಳ್ಳುತ್ತಾನೆ.

1837ರಲ್ಲಿ ಜರ್ಮನಿಯ ಹ್ಯಾನೋವರ್ ರಾಜ್ಯದ ಸಿಂಹಾಸನವನ್ನೇರಿದ ಎರ್ನ್ಸ್ಟ್ ಆಗಸ್ಟ್ ದೊರೆಯು, ಹಿಂದಿನ ಅರಸನ ಕಾಲದಲ್ಲಿ, 1833ರಲ್ಲಿ, ಜಾರಿಗೆ ಬಂದಿದ್ದ ರಾಜ್ಯಾಂಗವನ್ನು ಅದೇ ವರ್ಷದ ನವೆಂಬರಿನಲ್ಲಿ ಒಂದು ಘೋಷಣೆಯಿಂದ ಅಳಿಸಿಹಾಕಿದನು. ಗಟ್ಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸಕಾರ ಡಾಲ್ಮನ್, ನ್ಯಾಯಶಾಸ್ತ್ರಜ್ಞ ಆಲ್ಬ್ರೆಕ್ಟ್, ಸಾಹಿತ್ಯಚರಿತ್ರಕಾರ ಗೆರ್ವಿನಸ್, ಪೌರಸ್ತ್ಯ ಭಾಷೆಗಳ ವಿದ್ವಾಂಸ ಎವಾಲ್ಡ್, ಭೌತವಿಜ್ಞಾನಿ ವೆಬರ್, ಭಾಷಾಶಾಸ್ತ್ರಜ್ಞ ಯಾಕೋಬ್ ಗ್ರಿಮ್, ಅವರ ತಮ್ಮ ವಿಲ್ಹೆಲ್ಮ್ ಗ್ರಿಮ್ ಎಂಬ ಏಳು ಮಂದಿ ಪ್ರಾಧ್ಯಾಪಕರು, ತಾವು ಆ ರಾಜ್ಯಾಂಗಕ್ಕೆ ನಿಷ್ಠರಾಗಿರುವೆವೆಂದು ಪ್ರಮಾಣ ಮಾಡಿದವರೆಂದೂ, ಪ್ರಮಾಣವನ್ನು ಆಟಿಕೆಯಾಗಿ ಬಗೆವವರೆಂದು ವಿದ್ಯಾರ್ಥಿಗಳ ಕಣ್ಣಿಗೆ ಬಿದ್ದ ಮೇಲೆ ತಮ್ಮ ಬೋಧನೆಗೆ ಬೆಲೆಯೇ ಉಳಿಯದೆಂದೂ ಬರೆದು, ಅದರ ಕೆಳಗೆ ತಮ್ಮ ಹೆಸರುಗಳನ್ನು ಹಾಕಿದರು. ಡಿಸೆಂಬರಿನಲ್ಲಿ ಏಳು ಮಂದಿಯೂ ಪೀಠಗಳಿಂದ ವಜಾ ಆದರು. ಆ ಪತ್ರವನ್ನು ಹೊರಗೆ ಹರಡಿದರೆಂಬ ಆಪಾದನೆ ಹೊತ್ತ ಡಾಲ್ಮನ್, ಗೆರ್ವಿನಸ್, ಯಾಕೋಬ್ ಗ್ರಿಮ್ ಮೂವರು ಮೂರು ದಿನಗಳೊಳಗೆ ರಾಜ್ಯವನ್ನೇ ಬಿಡಬೇಕಾಯಿತು. ಲೈಪ್‌ಜಿಗ್ ನಗರದಲ್ಲಿ ಪೌರರು ಒಂದು ಸಂಘವನ್ನು ಕಟ್ಟಿ ಹಣ ಕೂಡಿಸಿ, ದೊರೆಯು ನಿಲ್ಲಿಸಿದ ಸಂಬಳವನ್ನು ತಾವು ಕೊಡಲು ಮುಂದಾದರು. ಜೀವನೋಪಾಯವನ್ನು ಕಳೆದುಕೊಂಡಿದ್ದ ಗ್ರಿಮ್ ಸೋದರರು 1838ರಲ್ಲಿ ಕೈಗೆತ್ತಿಕೊಂಡ ಕೆಲಸವೇ ಜರ್ಮನ್ ಭಾಷೆಯ ಮಹಾಕೋಶ. ಅದು ಪೂರ್ಣವಾದದ್ದು 1961ರಲ್ಲಿ.

ಕನ್ನಡಿಗರಿಗೆ ಈ ಕಥೆ ತೀರ ಪರಕೀಯವಲ್ಲ. ನಮ್ಮ ಭಾಷೆಗೆ 1894ರಲ್ಲಿ ಮಹಾನಿಘಂಟುವನ್ನು ಕೊಟ್ಟ ಫರ್ಡಿನೆಂಡ್ ಕಿಟೆಲ್ ಅವರು ಹುಟ್ಟಿದ್ದು 1832ರಲ್ಲಿ, ಅದೇ ಹ್ಯಾನೋವರ್ ರಾಜ್ಯಕ್ಕೆ ಸೇರಿದ್ದ ಪೂರ್ವ ಫ್ರೀಸ್‌ಲೆಂಡ್ ಪ್ರಾಂತದಲ್ಲಿ. ಏಳು ಮಂದಿ ವಿದ್ವಾಂಸರು ಪೀಠಭ್ರಷ್ಟರಾದಾಗ ಅವರು ಐದು ವರ್ಷದ ಬಾಲಕ. ಕಿಟೆಲರ ಕೋಶವನ್ನು ತೆರೆದಾಗಲೆಲ್ಲ ನನಗೆ, ಶಬ್ದಗಳ ಆರೈಕೆಗೆ ಆಯುಷ್ಯವನ್ನೆಲ್ಲ ಧಾರೆಯೆರೆದ ಇಬ್ಬರು ಸೋದರರನ್ನು ಅವರಾಡಿದ ಶಬ್ದಗಳಿಗಾಗಿಯೇ ಬೀದಿಗೆ ನೂಕಿದ ಒಂದು ಆಳ್ವಿಕೆಯ ನೆನಪಾಗುತ್ತದೆ.

ಆದರೆ ಗಟ್ಟಿಂಗೆನ್ನಿನ ಏಳು ಮಂದಿಯ ಪಕ್ಷವನ್ನು ಹಿಡಿಯುವುದು ಇಂದು ಯಾರಿಗೂ ಸುಲಭ. ತತ್ತ್ವದ ನಿಜವಾದ ಪರೀಕ್ಷೆ ನಡೆಯುವುದು, ಯಾರ ಮಾತು ನಮ್ಮ ಕಿವಿಗೆ ಕಾದ ಸೀಸದಂತೆ ಬೀಳುವುದೋ ಅಂಥವರ ವಿಷಯದಲ್ಲಿ. 1900ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ರಾಸ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಸ್ಯಾನ್ ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಜಪಾನೀ ವಲಸಿಗರ ವಿರುದ್ಧ ಮಾತಾಡಿದರು. ಆ ಮಾತಿನಲ್ಲಿ ಜನಾಂಗದ್ವೇಷವಿತ್ತು. ಏಷ್ಯದವರಾದ ನಾವು ಅದನ್ನು ಓದಿ ನೊಂದುಕೊಳ್ಳದಿರುವುದು ಅಸಾಧ್ಯ. ರೈಲ್ವೆಯ ಸಂಪತ್ತಿನಿಂದ ಆ ವಿದ್ಯಾಲಯವನ್ನು ಕಟ್ಟಿದ ಕುಟುಂಬದ ಜೇನ್ ಸ್ಟ್ಯಾನ್‌ಫರ್ಡ್ ಎಂಬಾಕೆ ಅವರನ್ನು ತೆಗೆದುಹಾಕಲೇಬೇಕೆಂದು ಹಟ ಹಿಡಿದರು. ಆ ವರ್ಷದ ನವೆಂಬರಿನಲ್ಲಿ ರಾಸ್ ಹೊರಬಿದ್ದರು. ಇದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟವರಲ್ಲಿ ಆರ್ಥರ್ ಲವ್‌ಜಾಯ್ ಎಂಬ ತತ್ತ್ವಶಾಸ್ತ್ರಜ್ಞರೂ ಒಬ್ಬರು. 1915ರಲ್ಲಿ ಜಾನ್ ಡ್ಯೂಯಿಯವರೊಡನೆ ಸೇರಿ ಅಮೆರಿಕದ ಪ್ರಾಧ್ಯಾಪಕರ ಸಂಘವನ್ನು ಕಟ್ಟಿದವರು ಇವರೇ. ಒಬ್ಬ ಪ್ರಾಧ್ಯಾಪಕನ ಮಾತು ಹೀನವೋ ಉದಾತ್ತವೋ ಎಂಬುದನ್ನು ಹಣ ಕೊಟ್ಟ ಧಣಿಯು ತೂಗಲಾರಂಭಿಸಿದರೆ ನಾಳೆ ಉದಾತ್ತವಾದ ಮಾತಿಗೂ ಅದೇ ಗತಿಯೆಂಬುದನ್ನು ಅವರು ಕಂಡುಕೊಂಡಿದ್ದರು. ರಾಸ್ ಅವರಾದರೋ ಬೇರೆ ವಿಶ್ವವಿದ್ಯಾನಿಲಯಗಳಲ್ಲಿ ಪಾಠ ಹೇಳುತ್ತ, ಲೋಕವನ್ನು ಸುತ್ತುತ್ತ ಬಾಳಿ, 1936ರ ತಮ್ಮ ಆತ್ಮಕಥೆಯಲ್ಲಿ, ಜನಾಂಗಗಳನ್ನು ಮೇಲು ಕೀಳೆಂದು ಎಣಿಸಿದ ಹಳೆಯ ನಂಬಿಕೆಗಾಗಿ ನಾಚಿಕೊಂಡು ಬರೆದರು. ವಜಾ ಆದುದು ಅವರ ಹುದ್ದೆಯನ್ನು ಬದಲಿಸಿತು; ಮನಸ್ಸನ್ನು ಬದಲಿಸಿದ್ದು ದೀರ್ಘಕಾಲದ ಅನುಭವ ಮತ್ತು ಅಧ್ಯಯನ.

ಆ ಸಂಘವು ಕಾಲೇಜುಗಳ ಒಕ್ಕೂಟವೊಂದರೊಡನೆ ಸೇರಿ 1940ರಲ್ಲಿ ಹೊರಡಿಸಿದ ಹೇಳಿಕೆಯ ಸಾರ ಇಷ್ಟು: ಅಧ್ಯಾಪಕನು ಪೌರನಾಗಿ ಮಾತಾಡುವಾಗ ಸಂಸ್ಥೆಯ ಶಿಕ್ಷೆಗೆ ಅವನು ಗುರಿಯಾಗಕೂಡದು; ಆದರೆ ಅವನು ಸತ್ಯಕ್ಕೆ ನಿಷ್ಠನಾಗಿರಬೇಕು, ಸಂಯಮದಿಂದಿರಬೇಕು, ಅನ್ಯರ ಅಭಿಪ್ರಾಯವನ್ನು ಗೌರವಿಸಬೇಕು, ತಾನು ಸಂಸ್ಥೆಯ ಪರವಾಗಿ ಮಾತಾಡುತ್ತಿಲ್ಲವೆಂಬುದನ್ನು ಸ್ಪಷ್ಟಪಡಿಸಬೇಕು. ಹೀಗೆ ಬರೆದಿಟ್ಟ ದೇಶದಲ್ಲಿಯೇ ಈ ಧರ್ಮ ಎಷ್ಟು ಸಲ ಮುರಿದುಬಿದ್ದಿತೆಂಬುದಕ್ಕೆ 2014ರ ಪ್ರಕರಣವೊಂದು ಸಾಕ್ಷಿ. ಇಲಿನಾಯ್ ವಿಶ್ವವಿದ್ಯಾನಿಲಯವು ಸ್ಟೀವನ್ ಸಲೈಟಾ ಎಂಬವರಿಗೆ ಹುದ್ದೆಯನ್ನು ಕೊಡಮಾಡಿ, ಅವರು ಹಿಂದಿನ ಕೆಲಸವನ್ನು ಬಿಟ್ಟ ಮೇಲೆ, ಗಾಜಾ ಯುದ್ಧವನ್ನು ಕುರಿತು ಟ್ವಿಟರಿನಲ್ಲಿ ಅವರು ಬರೆದ ಉಗ್ರವಾದ ಮಾತುಗಳ ಕಾರಣದಿಂದ ಆ ಹುದ್ದೆಯನ್ನು ಹಿಂತೆಗೆದುಕೊಂಡಿತು. ಮರುವರ್ಷ ಅವರಿಗೆ 6,00,000 ಡಾಲರುಗಳನ್ನು ತೆತ್ತು ವ್ಯಾಜ್ಯವನ್ನು ಮುಗಿಸಿಕೊಂಡಿತು. ರಾಸ್ ಅವರದೊಂದು ಪಕ್ಷ, ಸಲೈಟಾ ಅವರದು ಅದಕ್ಕೆ ತೀರ ದೂರವಾದ ಇನ್ನೊಂದು ಪಕ್ಷ. ಇವರಲ್ಲೊಬ್ಬರಿಗೆ ನ್ಯಾಯ ಬೇಡಿ ಇನ್ನೊಬ್ಬರಿಗೆ ಬೇಡವೆನ್ನುವವನು ಬೇಡುತ್ತಿರುವುದು ತನ್ನ ಪಕ್ಷಕ್ಕೆ ಗೆಲವನ್ನು.

ನಮ್ಮ ದೇಶದಲ್ಲಿಯೂ ಈ ವಿವೇಕಕ್ಕೆ ಕೊರತೆಯಿರಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ ನೇಮಕವಾದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು 1949ರ ತನ್ನ ವರದಿಯಲ್ಲಿ, ಸರ್ಕಾರದ ಧನಸಹಾಯವೆಂಬುದು ಸರ್ಕಾರದ ಹಿಡಿತವಾಗಕೂಡದೆಂದೂ, ವಿವಾದಗ್ರಸ್ತ ವಿಷಯಗಳಲ್ಲಿ ಮಾತಾಡುವುದಕ್ಕೆ ಸ್ವತಂತ್ರ ದೇಶದ ಇತರ ಪೌರರಿಗೆಷ್ಟು ಅಧಿಕಾರವುಂಟೋ ಅಧ್ಯಾಪಕರಿಗೂ ಅಷ್ಟೇ ಉಂಟೆಂದೂ ಅಸಂದಿಗ್ಧವಾಗಿ ಸಾರಿತು. ಅದರ ಅಧ್ಯಕ್ಷರು ಸರ್ವೆಪಲ್ಲಿ ರಾಧಾಕೃಷ್ಣನ್. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿ, ಕಲ್ಕತ್ತೆಗೆ ಹೊರಟ ದಿನ, ಕುದುರೆಗಳನ್ನು ಬಿಚ್ಚಿ ತಾವೇ ಸಾರೋಟನ್ನು ಎಳೆದ ವಿದ್ಯಾರ್ಥಿಗಳಿಂದ ರೈಲ್ವೆ ನಿಲ್ದಾಣದವರೆಗೆ ಬೀಳ್ಕೊಡಿಸಿಕೊಂಡವರು. ಅಂಥ ಪ್ರೀತಿಯನ್ನು ಉಂಡ ಗುರುವಿಗೆ, ಭಯದಲ್ಲಿ ಪಾಠ ಹೇಳುವವನನ್ನು ಯಾವ ವಿದ್ಯಾರ್ಥಿಯೂ ಹಾಗೆ ಎಳೆದೊಯ್ಯನೆಂಬುದು ತಿಳಿದಿದ್ದಿರಬೇಕು.

ಹಾಗಾದರೆ ಅಧ್ಯಾಪಕನ ನಾಲಗೆಗೆ ಲಗಾಮೇ ಬೇಡವೆ ಎಂದು ಕೇಳಬಹುದು. ಬೇಕು. ಹಿಂಸೆಗೆ ಜನರನ್ನು ಪ್ರಚೋದಿಸುವವನಿಗೆ ಎಲ್ಲ ಪೌರರಿಗೂ ಅನ್ವಯಿಸುವ ಕಾನೂನು ಇದೆ. ತನ್ನ ಮತಕ್ಕೆ, ಪಕ್ಷಕ್ಕೆ ಸೇರದ ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಅಂಕಗಳನ್ನು ಕತ್ತರಿಸುವವನು, ತರಗತಿಯಲ್ಲಿ ಜಾತಿಯನ್ನೋ ಧರ್ಮವನ್ನೋ ಹಿಡಿದು ಹೀಯಾಳಿಸುವವನು ತನ್ನ ವೃತ್ತಿಗೆ ದ್ರೋಹ ಬಗೆದವನು. ಅಂಥವನನ್ನು ವಿಚಾರಣೆಗೆ ಗುರಿಪಡಿಸತಕ್ಕದ್ದೇ. ಆದರೆ ಕೇಳತಕ್ಕ ಪ್ರಶ್ನೆ ಅವನು ಪಾಠ ಹೇಳಲು ಯೋಗ್ಯನೇ ಅಲ್ಲವೇ ಎಂಬುದಷ್ಟೇ. ಅದನ್ನು ತೀರ್ಮಾನಿಸತಕ್ಕವರು ಅವನ ಶಾಸ್ತ್ರವನ್ನು ಬಲ್ಲ ಸಮಾನಸ್ಕಂಧರು. ಅದೂ ಆಪಾದನೆಯನ್ನು ಬರೆದು ತಿಳಿಸಿ, ಅವನ ಉತ್ತರವನ್ನು ಕೇಳಿದ ಮೇಲೆ. ಅವನಾಡಿದ್ದು ಸುಳ್ಳಾಗಿದ್ದರೆ ಮರುದಿನದ ಪತ್ರಿಕೆಯಲ್ಲಿ, ಎದುರಿನ ವೇದಿಕೆಯಲ್ಲಿ ಖಂಡಿಸುವುದಕ್ಕೆ ನಮ್ಮಲ್ಲಿ ಮಾತಿನ ಬಡತನವಿಲ್ಲ. ಮಾತಿಗೆ ಮಾತು ಉತ್ತರವಾಗಬಲ್ಲುದು. ಹೊಟ್ಟೆಯ ಮೇಲೆ ಹೊಡೆಯುವುದು ಎಂದಿಗೂ ಉತ್ತರವಾಗಲಾರದು.

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲಕ್ಕಿಂತ ನನ್ನನ್ನು ನೋಯಿಸುವ ಸಂಗತಿಯನ್ನು ಹೇಳಬೇಕು. ವಜಾ, ಅಮಾನತು, ವಿಚಾರಣೆ ಎಂಬೀ ಮಾತುಗಳೆಲ್ಲ ಖಾಯಂ ಹುದ್ದೆಯಿರುವವರಿಗೆ ಸಲ್ಲುವಂಥವು. ನಮ್ಮ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ವರ್ಷದಿಂದ ವರ್ಷಕ್ಕೆ ಪಾಠ ಹೇಳುತ್ತ ಬಂದಿರುವ ಸಾವಿರಾರು ಮಂದಿಗೆ ಆ ಭಾಗ್ಯವೂ ಇಲ್ಲ. ಅವರನ್ನು ಯಾರೂ ವಜಾ ಮಾಡಬೇಕಾಗಿಲ್ಲ. ಮುಂದಿನ ವರ್ಷ ಕರೆಯದಿದ್ದರೆ ಸಾಕು. ಕಾರಣ ಹೇಳಬೇಕಾಗಿಲ್ಲ, ನೋಟೀಸು ಕೊಡಬೇಕಾಗಿಲ್ಲ, ಪತ್ರಿಕೆಯಲ್ಲಿ ಒಂದು ಸಾಲೂ ಬಾರದು. ಸಂಜೆಯ ಸಭೆಯಲ್ಲಿ ಬಾಯಿ ತೆರೆಯುವ ಮುನ್ನ ಅವರು ಮನೆಯ ಬಾಡಿಗೆಯನ್ನೂ ಮಕ್ಕಳ ಶುಲ್ಕವನ್ನೂ ನೆನೆಯುತ್ತಾರೆ; ನೆನೆದು ಸುಮ್ಮನಾಗುತ್ತಾರೆ; ಎದುರಿಗೆ ಕುಳಿತ ಹದಿನೆಂಟರ ಹುಡುಗ ಹುಡುಗಿಯರು ಆ ಮೌನವನ್ನು ಪಾಠದೊಡನೆ ಕಲಿಯುತ್ತಾರೆ.

ಅವರಿಗೆ ನಾವು ಕೊಟ್ಟಿರುವ ಹೆಸರು ಅತಿಥಿ ಉಪನ್ಯಾಸಕರು. ಅತಿಥಿಯೆಂದ ಮೇಲೆ ಜಂತೆಯ ಕಡೆ ಕಣ್ಣೆತ್ತಕೂಡದೆಂಬ ಗಾದೆ ಅವರಿಗೆ ತಾನಾಗಿಯೇ ಸಲ್ಲುತ್ತದೆ. ಈ ನಾಡಿನ ವಿಶ್ವವಿದ್ಯಾನಿಲಯಗಳು 1949ರ ಆ ಮಾತನ್ನು ತಮ್ಮ ನಿಯಮಗಳಲ್ಲಿ ಬರೆದುಕೊಳ್ಳಲಿ ಎಂಬುದು ನನ್ನ ಮೊದಲನೆಯ ಪ್ರಾರ್ಥನೆ. ಪಾಠ ಹೇಳುವವರನ್ನು ಅತಿಥಿಗಳಾಗಿ ಕೂರಿಸುವುದನ್ನು ಬಿಟ್ಟು, ಮನೆಯವರನ್ನಾಗಿ ಮಾಡಿಕೊಳ್ಳಲಿ ಎಂಬುದು ಎರಡನೆಯದು. ಸೂರು ಸೋರಿದರೆ ನೆನೆಯುವವರು ಮನೆಯವರೇ ಅಲ್ಲವೆ?