ವಾದಕನು ಗ್ರಂಥಕರ್ತನಾದ ಬಗೆ

ಕೆಂಗಲ್ಲಿನ ಸುತ್ತಣ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಕಣ ಬರಿದಾಯಿತೆಂದರೆ ಪೌರಾಣಿಕ ನಾಟಕದ ಮಾತು ಏಳುವುದು ಇಂದಿಗೂ ಉಳಿದುಬಂದಿರುವ ವಾಡಿಕೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಕುರುಕ್ಷೇತ್ರದ ಕಥೆಯನ್ನು ರಂಗಕ್ಕೆ ತರದ ಊರು ವಿರಳ. ಆಗ ಊರವರು ಮೊದಲು ಹುಡುಕಿಕೊಂಡು ಹೋಗುವುದು ಭೀಮನ ಪಾತ್ರಕ್ಕೆ ತಕ್ಕ ಆಳನ್ನಲ್ಲ, ಹಾರ್ಮೋನಿಯಂ ಮೇಷ್ಟ್ರನ್ನು. ಅವರು ತಮ್ಮ ಪೆಟ್ಟಿಗೆಯೊಡನೆ ಬಂದು, ಓದು ಬಾರದವನ ಬಾಯಿಗೂ ಕಂದವನ್ನು ಹತ್ತಿಸಿ, ನಾಟಕದ ರಾತ್ರಿ ಬೆಳಗಾಗುವವರೆಗೆ ನುಡಿಸಿ, ಮತ್ತೊಂದು ಊರಿಗೆ ಹೊರಟುಹೋಗುವರು. ಹಾಡಿದವನ ಹೆಸರು ಊರಿನಲ್ಲಿ ಉಳಿಯುವುದು. ನುಡಿಸಿದವನ ಹೆಸರು ಕರಪತ್ರದ ಕೆಳಗಣ ಸಾಲಿನಲ್ಲಿ ಅಡಗುವುದು.

ಈಗ ಪೆಟ್ಟಿಗೆಯ ಜಾಗಕ್ಕೆ ವಿದ್ಯುತ್ತಿನ ಕೀಬೋರ್ಡು ಬಂದಿದೆ. ನಾಟಕ ಮಂಡಳಿಯ ಜಾಗಕ್ಕೆ ಆರ್ಕೆಸ್ಟ್ರಾ ಬಂದಿದೆ. ಗೃಹಸ್ಥರ ಅಳಲು ಮಾತ್ರ ಹಳೆಯದೇ. "ಹುಡುಗನು ಊರೂರು ತಿರುಗಿ ಬಾರಿಸುತ್ತಾನೆ, ಪುಸ್ತಕ ಮುಟ್ಟುವುದಿಲ್ಲ, ಇವನ ಗತಿಯೇನು?" ಎಂದು ಕೇಳುವ ತಂದೆತಾಯಿಗಳನ್ನು ನಾವು ಆಗಾಗ ಕಾಣುತ್ತೇವೆ. ನುಡಿಸುವ ಕೈ ಬರೆಯುವ ಕೈಯಾಗಲಾರದೆಂಬುದು ಅವರ ಮನಸ್ಸಿನ ಗಟ್ಟಿಯಾದ ನಂಬಿಕೆ. ಈ ನಂಬಿಕೆಯನ್ನು ಒಬ್ಬ ಮಹನೀಯರ ಜೀವನದ ಒರೆಗಲ್ಲಿಗೆ ತಿಕ್ಕಿ ನೋಡೋಣವೆಂದು ಈ ತಿಂಗಳ ಲೇಖನವನ್ನು ಮೀಸಲಿಟ್ಟಿದ್ದೇವೆ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಜನಿಸಿದುದು ೧೯೧೪ನೆಯ ಇಸವಿ ಮಾರ್ಚಿ ೩ರಂದು, ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ದೇವಗಿರಿಯಲ್ಲಿ. ಶೈಶವದಲ್ಲಿಯೇ ಅವರ ಕಣ್ಣುಗಳು ಬೆಳಕನ್ನು ಕಳೆದುಕೊಂಡವು. ಶೈಶವದಲ್ಲಿಯೇ ತಂದೆಯೂ ಇಲ್ಲವಾದರು. ಸೋದರಮಾವ ಚಂದ್ರಶೇಖರಯ್ಯನವರು ಸಾಕಿದರು. ಆ ಮಾವನ ಮನೆಯಲ್ಲಿ ಭಜನೆಗೆಂದು ಒಂದು ಹಾರ್ಮೋನಿಯಂ ಇದ್ದಿತು. ಕಣ್ಣಿಲ್ಲದ ಮಗು ತಾನಾಗಿಯೇ ಅದರ ಮನೆಗಳನ್ನು ತಡವಿ ತಡವಿ ಸ್ವರವನ್ನು ಹುಡುಕುತ್ತಿದ್ದುದನ್ನು ಮಾವನು ಕಂಡರು. ಗದರಿಸಿ ಪೆಟ್ಟಿಗೆಯನ್ನು ಮುಚ್ಚಿಬಿಡಬಹುದಾಗಿತ್ತು, ಹಾಗೆ ಮಾಡಲಿಲ್ಲ. ತಾವೂ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳ ಬಳಿಗೆ ಆ ಮಗುವನ್ನು ಕರೆದೊಯ್ದು ಒಪ್ಪಿಸಿದರು. ಆ ಒಂದು ವಿವೇಕದಿಂದ ನಾಡಿಗೆ ಆದ ಲಾಭ ಎಷ್ಟೆಂಬುದು ಮುಂದಿನ ಕಥೆ.

ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ವಿದ್ಯೆ ಪಡೆದವರು. ಅವರ ಸಂಗೀತಶಾಲೆ ಬಹುಕಾಲ ಸಂಚಾರಿಯಾಗಿತ್ತು. ಶಿಷ್ಯರೊಡನೆ ಊರಿಂದೂರಿಗೆ ಹೋಗುವುದು, ಭಕ್ತರು ಕೊಟ್ಟ ಧಾನ್ಯದಲ್ಲಿ ಮಕ್ಕಳ ಹೊಟ್ಟೆ ತುಂಬಿಸುವುದು, ಅಲ್ಲಿಯೇ ಪಾಠ ಹೇಳುವುದು, ಹೀಗೆ ನಡೆಯುತ್ತಿತ್ತು ಅವರ ಬಾಳು. ಆ ಅಲೆದಾಟದಲ್ಲಿ ಪುಟ್ಟರಾಜರು ಹಿಂದೂಸ್ತಾನಿ ಸಂಗೀತವನ್ನು ಗುರುಗಳಿಂದಲೂ, ಕರ್ಣಾಟಕ ಸಂಗೀತವನ್ನು ಮುಂಡರಗಿ ರಾಘವೇಂದ್ರಾಚಾರ್ಯರಿಂದಲೂ ಕಲಿತರು. ಹಾರ್ಮೋನಿಯಮ್ಮಿನ ಜೊತೆಗೆ ತಬಲ, ಪಿಟೀಲು, ಸಾರಂಗಿಗಳೂ ಕೈವಶವಾದವು. ೧೯೪೪ರಲ್ಲಿ ಗುರುಗಳು ಶಿವೈಕ್ಯರಾದಾಗ, ಮೂವತ್ತು ವರ್ಷದ ಈ ತರುಣರ ಹೆಗಲಿಗೆ ಆಶ್ರಮದ ಅಂಧ ಅನಾಥ ಮಕ್ಕಳ ಅನ್ನದ ಭಾರವೆಲ್ಲ ಬಿದ್ದಿತು. ಅನ್ನಕ್ಕಾಗಿ ನಾಟಕ ಮಂಡಳಿ ಊರೂರು ಸಂಚರಿಸಿತು. ಮಂಡಳಿಗೆ ನಾಟಕಗಳು ಬೇಕಾದವು. ನುಡಿಸುತ್ತಿದ್ದವರೇ ನಾಟಕವನ್ನು ರಚಿಸಿದರು. ಕೀರ್ತಿಯ ಆಸೆಯಲ್ಲ, ನಾಳೆ ಬೆಳಿಗ್ಗೆ ಒಲೆ ಹತ್ತಬೇಕೆಂಬ ಚಿಂತೆ ಆ ಲೇಖನಿಯ ಹಿಂದೆ ನಿಂತಿದ್ದಿತೆಂಬುದನ್ನು ಮರೆಯಬಾರದು.

ಕಣ್ಣಿಲ್ಲದವರು ಪೆಟ್ಟಿಗೆಯನ್ನು ನುಡಿಸುವುದು ಹೇಗೆ ಎಂದು ಮಕ್ಕಳು ಕೇಳಿಯಾರು. ಹಾರ್ಮೋನಿಯಮ್ಮಿನ ಒಂದು ಸ್ಥಾಯಿಯಲ್ಲಿ ೭ ಬಿಳಿಯ ಮನೆಗಳು, ೫ ಕರಿಯ ಮನೆಗಳು. ಕರಿಯ ಮನೆಗಳು ಸ್ವಲ್ಪ ಎತ್ತರವಾಗಿದ್ದು, ಎರಡರ ಗುಂಪು, ಮೂರರ ಗುಂಪು ಎಂದು ಬೇರೆ ಬೇರೆ ನಿಂತಿರುತ್ತವೆ. ಎಡಗೈ ತಿದಿಯನ್ನು ಒತ್ತುತ್ತಿರುವಾಗ ಬಲಗೈಯ ಬೆರಳು ಈ ಗುಂಪುಗಳನ್ನು ಮುಟ್ಟಿ ತಾನೆಲ್ಲಿರುವೆನೆಂದು ತಿಳಿದುಕೊಳ್ಳುತ್ತದೆ. ಉಬ್ಬನ್ನು ಬೆರಳಿನಿಂದ ಓದುವ ಈ ಅಭ್ಯಾಸಕ್ಕೂ ಅಂಧರ ಅಕ್ಷರಕ್ಕೂ ಹತ್ತಿರದ ನಂಟು ಉಂಟು. ೧೮೨೯ರಲ್ಲಿ ಚುಕ್ಕೆಗಳ ಲಿಪಿಯನ್ನು ಪ್ರಕಟಿಸಿದ ಫ್ರಾನ್ಸ್ ದೇಶದ ಲೂಯಿ ಬ್ರೈಲ್ ಸ್ವತಃ ಅಂಧನು. ಪ್ಯಾರಿಸ್ ನಗರದ ಇಗರ್ಜಿಗಳಲ್ಲಿ ಆರ್ಗನ್ ನುಡಿಸುತ್ತಿದ್ದವನು. ಮನೆಗಳನ್ನು ಬಲ್ಲ ಬೆರಳೇ ಆರು ಚುಕ್ಕೆಗಳ ಅಕ್ಷರವನ್ನು ಜಗತ್ತಿಗೆ ಕೊಟ್ಟಿತು. ನಮ್ಮ ದೇಶದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಎಂಬ ಪದ್ಧತಿ ೧೯೫೧ರಲ್ಲಿ ಅಂಗೀಕೃತವಾಯಿತು. ಹಲಗೆಯ ಮೇಲೆ ಮೊಳೆಯಿಂದ ಒತ್ತಿ ಬರೆಯುವಾಗ ಬಲದಿಂದ ಎಡಕ್ಕೆ ಬರೆಯಬೇಕು. ಹಾಳೆಯನ್ನು ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಈ ಲಿಪಿಯಲ್ಲಿ ಪುಟ್ಟರಾಜ ಗವಾಯಿಗಳು ಭಗವದ್ಗೀತೆಯನ್ನು ಸಿದ್ಧಪಡಿಸಿದರು. ಒಂದೊಂದು ಚುಕ್ಕೆಗೂ ಒಂದು ಒತ್ತು ಎಂದು ಎಣಿಸಿದರೆ, ಏಳು ನೂರು ಶ್ಲೋಕಗಳ ಆ ಶ್ರಮದ ಮುಂದೆ ನಮ್ಮಂಥ ಕಣ್ಣುಳ್ಳವರ ಪಾಂಡಿತ್ಯ ತಲೆಬಾಗಬೇಕಾದುದೇ.

ಅವರ ಕೃತಿಗಳು ಕನ್ನಡ, ಸಂಸ್ಕೃತ, ಹಿಂದಿ ಎಂಬ ಮೂರು ಭಾಷೆಗಳಲ್ಲಿ ಎಂಬತ್ತನ್ನು ಮೀರುತ್ತವೆ. ಬಸವಪುರಾಣವನ್ನು ಹಿಂದಿಯಲ್ಲಿ ರಚಿಸಿದರು. ನಾಟಕಗಳೂ ಪುರಾಣಗಳೂ ಅವುಗಳಲ್ಲಿ ಸೇರಿವೆ. ಪುರಾಣವೆಂದರೆ ಕಪಾಟಿನಲ್ಲಿಟ್ಟು ಒಬ್ಬನೇ ಓದುವ ಗ್ರಂಥವೆಂದು ನಮ್ಮ ಕಡೆಯ ವಾಚಕರು ಭಾವಿಸಬಾರದು. ಉತ್ತರ ಕರ್ಣಾಟಕದ ಊರುಗಳಲ್ಲಿ ಶ್ರಾವಣ ಮಾಸ ಬಂದರೆ ಗುಡಿಯಲ್ಲಿ, ಮಠದಲ್ಲಿ ಪುರಾಣ ಹಚ್ಚುತ್ತಾರೆ. ಗವಾಯಿಗಳೊಬ್ಬರು ಹಾರ್ಮೋನಿಯಂ ಹಿಡಿದು ಪದ್ಯವನ್ನು ಹಾಡುವರು; ತಬಲದ ಸಾಥಿ ಇರುವುದು; ಶಾಸ್ತ್ರಿಗಳು ಅರ್ಥ ಬಿಡಿಸಿ ಹೇಳುವರು; ಹೊಲದಿಂದ ಬಂದವರು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡವರು ಕೇಳುತ್ತ ಕುಳಿತಿರುವರು. ಅಂಥ ಪದ್ಯವನ್ನು ಬರೆಯುವವನಿಗೆ ಛಂದಸ್ಸು ಲೆಕ್ಕಕ್ಕೆ ಸರಿಹೋದರೆ ಸಾಲದು. ಯಾವ ಮಾತು ಯಾವ ಸ್ವರದ ಮೇಲೆ ನಿಂತೀತು, ಹಾಡುವವನು ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ದಣಿದ ಕಿವಿ ಎಷ್ಟು ಹೊತ್ತು ತಾಳೀತು ಎಂಬುದೆಲ್ಲ ತಿಳಿದಿರಬೇಕು. ನಾವು ಲಘುಗುರುಗಳನ್ನು ಪಾಟಿಯ ಮೇಲೆ ಎಣಿಸಿ ಕಲಿಸಿದವರು. ಅವರು ಲಘುಗುರುಗಳನ್ನು ಬೆರಳಿನಲ್ಲಿ ಹೊತ್ತು ತಿರುಗಿದವರು. ಈ ಎರಡು ವಿದ್ಯೆಗಳಲ್ಲಿ ಪುರಾಣಕ್ಕೆ ಯಾವುದು ಹತ್ತಿರವೆಂಬುದನ್ನು ವಾಚಕರೇ ನಿರ್ಣಯಿಸಲಿ.

ಇದು ಒಬ್ಬರಿಗೆ ಮಾತ್ರ ಒದಗಿದ ಭಾಗ್ಯವೆಂದು ಹೇಳುವಂತಿಲ್ಲ. ನೆರೆಯ ಮರಾಠಿ ರಂಗಭೂಮಿಯಲ್ಲಿ ಗೋವಿಂದರಾವ್ ಟೇಂಬೆಯವರು (೧೮೮೧–೧೯೫೫) ಹಾರ್ಮೋನಿಯಂ ವಾದನದಿಂದ ಪ್ರಸಿದ್ಧರಾಗಿ, ೧೯೧೧ರಲ್ಲಿ "ಮಾನಾಪಮಾನ" ನಾಟಕಕ್ಕೆ ಸಂಗೀತ ಹೊಂದಿಸಿ, ೧೯೧೩ರಲ್ಲಿ ಬಾಲಗಂಧರ್ವರೊಡನೆ ಗಂಧರ್ವ ನಾಟಕ ಮಂಡಳಿಯ ಸ್ಥಾಪನೆಯಲ್ಲಿ ಪಾಲುಗೊಂಡು, ಮಂಡಳಿಗಳೊಡನೆ ಸಂಚರಿಸಿದವರು. ಮುಂದೆ ಅವರೂ ಲೇಖನಿ ಹಿಡಿದು ತಮ್ಮ ಸಂಗೀತ ವ್ಯಾಸಂಗದ ವಿಷಯವಾಗಿ ಪುಸ್ತಕ ಬರೆದರು. ಒಬ್ಬರು ತಾವು ಕಂಡುದನ್ನು ಬರೆದರು. ಮತ್ತೊಬ್ಬರು ಕೇಳುವವರಿಗೆ ಬೇಕಾದುದನ್ನು ಬರೆದರು. ಇಬ್ಬರಿಗೂ ಮೂಲಧನ ಒಂದೇ: ಪಕ್ಕದಲ್ಲಿ ಕುಳಿತು ಇನ್ನೊಬ್ಬರ ಹಾಡಿಗೆ ಕಿವಿಗೊಟ್ಟ ದೀರ್ಘ ಅಭ್ಯಾಸ. ಸಾಥಿ ನುಡಿಸುವವನು ಮುಂದೆ ಓಡಬಾರದು, ಹಿಂದೆ ಬೀಳಬಾರದು, ಸುಮ್ಮನಿರಬೇಕಾದ ಕಡೆ ಸುಮ್ಮನಿರಬೇಕು. ಗ್ರಂಥಕರ್ತನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದು?

ಹಾರ್ಮೋನಿಯಮ್ಮಿಗೆ ದೋಷವೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಅದರ ಸ್ವರಗಳು ಅಚಲ. ವೀಣೆಯ ತಂತಿಯಂತೆ ಎಳೆದು ಗಮಕವನ್ನು ಬರಿಸಲಾಗದು. ಈ ಕಾರಣದಿಂದಲೇ ೧೯೪೦ರಲ್ಲಿ ರೇಡಿಯೋ ಇಲಾಖೆಯು ಅದನ್ನು ನಿಷೇಧಿಸಿ, ಮೂರು ದಶಕಗಳ ಕಾಲ ಹೊರಗಿಟ್ಟಿತು. ತಂತಿಯ ಮಹಿಮೆ ನಮ್ಮ ಸೀಮೆಗೆ ಹೊಸದಲ್ಲ. ೧೮೦೦ರಲ್ಲಿ ಈ ದಾರಿಯಲ್ಲಿ ಬಂದ ಬುಕಾನನ್ ಎಂಬ ಪ್ರವಾಸಿಯು ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಉಕ್ಕಿನ ತಂತಿ ತಯಾರಾಗಿ ದೂರದೇಶಗಳಿಗೆ ಹೋಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆದರೂ ಹಳ್ಳಿಯ ಬಯಲಿನಲ್ಲಿ ಸಾವಿರ ಜನಕ್ಕೆ ಕೇಳಿಸುವಂತೆ ನುಡಿದು, ಮಳೆಗಾಳಿಗೆ ಶ್ರುತಿ ಕೆಡದೆ, ಒಬ್ಬನ ಹೆಗಲ ಮೇಲೆ ಸಾಗಿ ಬಂದುದು ಈ ಪರದೇಶದ ಪೆಟ್ಟಿಗೆಯೇ. ಇದ್ದ ಹನ್ನೆರಡು ಮನೆಗಳಲ್ಲೇ ಸಂಸಾರ ಹೂಡುವುದನ್ನು ಅದು ಕಲಿಸಿತು.

ಗೃಹಸ್ಥರಿಗೆ ನಮ್ಮ ಬಿನ್ನಹ ಇಷ್ಟು. ಪುಟ್ಟರಾಜ ಗವಾಯಿಗಳು ವಾದನವನ್ನು ಬಿಟ್ಟು ಬರವಣಿಗೆಗೆ ತಿರುಗಿದವರಲ್ಲ. ವಾದನದ ಒಳಗಿಂದಲೇ ಬರವಣಿಗೆಯನ್ನು ತೆಗೆದವರು. ೨೦೧೦ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷ ಸೆಪ್ಟೆಂಬರ್ ೧೭ರಂದು ಅವರು ಲಿಂಗೈಕ್ಯರಾದರು. ಅಂಥ ಪ್ರತಿಭೆ ಮನೆಮನೆಯಲ್ಲಿ ಹುಟ್ಟುವುದಿಲ್ಲವೆಂಬುದು ನಿಜ. ಊರೂರು ತಿರುಗುವ ವಾದಕನ ಬಾಳಿನಲ್ಲಿ ಬಡತನದ ಭಯವಿರುವುದೂ ನಿಜ. ಆದಕಾರಣ ನುಡಿಸುವ ಹುಡುಗನಿಗೆ ಜೀವನೋಪಾಯದ ಒಂದು ವಿದ್ಯೆಯನ್ನು ಅಗತ್ಯವಾಗಿ ಕಲಿಸಿರಿ. ಆದರೆ ಪುಸ್ತಕದ ಹೆಸರಿನಲ್ಲಿ ವಾದ್ಯವನ್ನು ಅಟ್ಟಕ್ಕೇರಿಸಬೇಡಿರಿ. ಅವನು ನುಡಿಸುವ ಹಾಡಿನ ಸಾಹಿತ್ಯವನ್ನು ಓದಿಸಿರಿ, ಅರ್ಥ ಕೇಳಿರಿ, ತಪ್ಪಿಲ್ಲದೆ ಬರೆಯಿಸಿರಿ. ಹೋಗಿಬಂದ ಊರಿನಲ್ಲಿ ಕಂಡುದನ್ನು ನಾಲ್ಕು ಸಾಲು ಬರೆದಿಡಲು ಹೇಳಿರಿ. ನಮ್ಮ ಹಳ್ಳಿಗಳ ಹಾರ್ಮೋನಿಯಂ ಮೇಷ್ಟ್ರುಗಳಲ್ಲಿ ಎಷ್ಟೋ ಮಂದಿ ಎಷ್ಟೋ ಮಟ್ಟುಗಳನ್ನೂ ಕಥೆಗಳನ್ನೂ ತಲೆಯಲ್ಲಿಟ್ಟುಕೊಂಡೇ ಕಣ್ಮರೆಯಾದರು. ಅವರ ಕೈಗೆ ಒಂದು ಬರಿಯ ಹಾಳೆಯನ್ನು ಕೊಡುವವರು ಯಾರೂ ಇರಲಿಲ್ಲ. ಇಂದು ನುಡಿಸುತ್ತಿರುವವರ ವಿಷಯದಲ್ಲಿ ಆ ಕೊರತೆಯನ್ನು ತುಂಬುವುದು ಮನೆಯ ಹಿರಿಯರಿಗೆ ಸಾಧ್ಯವಾದ ಕೆಲಸ. ಖರ್ಚು ಒಂದು ನೋಟುಬುಕ್ಕಿನದು.