ಬೆಟ್ಟದ ಬಸ್ಸು ಮತ್ತು ಪೇಟೆಯ ವ್ಯಾಪಾರ

ಮೈಸೂರಿನ ಪ್ರವಾಸೋದ್ಯಮದ ಅಭಿವೃದ್ಧಿಯ ಕುರಿತು ಚರ್ಚೆ ನಡೆದಾಗಲೆಲ್ಲ ಸಾಮಾನ್ಯವಾಗಿ ಪ್ರಸ್ತಾಪವಾಗುವುದು ದೊಡ್ಡ ಯೋಜನೆಗಳು. ವಿಮಾನ ನಿಲ್ದಾಣದ ವಿಸ್ತರಣೆ, ರಸ್ತೆಗಳ ಅಗಲೀಕರಣ, ವಾಹನ ನಿಲುಗಡೆಯ ಕಟ್ಟಡಗಳು, ರೋಪ್‌ವೇ ಮುಂತಾದವುಗಳ ಬಗೆಗೆ ಮನವಿಗಳು ಸಿದ್ಧವಾಗುತ್ತವೆ, ನಿಯೋಗಗಳು ಬೆಂಗಳೂರಿಗೆ ತೆರಳುತ್ತವೆ. ಆದರೆ ಸ್ವಂತ ವಾಹನವಿಲ್ಲದ, ನಗರಕ್ಕೆ ಮೊದಲ ಬಾರಿಗೆ ಬಂದ ಒಂದು ಸಾಮಾನ್ಯ ಕುಟುಂಬ ರೈಲಿನಿಂದ ಇಳಿದು ಚಾಮುಂಡಿ ಬೆಟ್ಟವನ್ನು ಹೇಗೆ ತಲುಪುತ್ತದೆ, ಹೇಗೆ ಮರಳುತ್ತದೆ, ಮರಳಿದ ಮೇಲೆ ಅದರ ಕೈಯಲ್ಲಿ ಎಷ್ಟು ಹಣ ಮತ್ತು ಎಷ್ಟು ಸಮಯ ಉಳಿದಿರುತ್ತದೆ ಎಂಬ ಪ್ರಶ್ನೆ ಏಳುವುದು ವಿರಳ. ವರ್ತಕರ ದೃಷ್ಟಿಯಿಂದ ನೋಡಿದರೆ ಈ ಸಣ್ಣ ಪ್ರಶ್ನೆಯೇ ಮುಖ್ಯವಾದುದು. ಏಕೆಂದರೆ ಆ ಉಳಿದ ಹಣ ಮತ್ತು ಉಳಿದ ಸಮಯವೇ ಪೇಟೆಯ ಬಂಡವಾಳ.

ದಾರಿ ಇದೆ, ತಿಳಿವಳಿಕೆ ಇಲ್ಲ

ಚಾಮುಂಡಿ ಬೆಟ್ಟ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೀರಿದ ಎತ್ತರದಲ್ಲಿದೆ. ನಗರದಿಂದ ರಸ್ತೆಯ ಮೂಲಕ ಸುಮಾರು 13 ಕಿಲೋಮೀಟರ್. ನಗರ ಬಸ್ ನಿಲ್ದಾಣದಿಂದ ಬೆಟ್ಟಕ್ಕೆ ಹೋಗುವ 201ನೇ ಸಂಖ್ಯೆಯ ಬಸ್ಸು ಮೈಸೂರಿಗರಿಗೆಲ್ಲ ಚಿರಪರಿಚಿತ. ಕಾಲ್ನಡಿಗೆಯಲ್ಲಿ ಹೋಗುವವರಿಗೆ ಸುಮಾರು 1000 ಮೆಟ್ಟಿಲುಗಳ ದಾರಿಯಿದೆ. ಕೆಳಗಿನಿಂದ ಸುಮಾರು 700ನೇ ಮೆಟ್ಟಿಲಿನ ಬಳಿ, 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ನಿರ್ಮಾಣವಾದ ನಂದಿಯ ಬೃಹತ್ ವಿಗ್ರಹವಿದೆ. ಹೀಗೆ ಬೆಟ್ಟವನ್ನು ತಲುಪುವ ಸಾಧನಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಮಾಹಿತಿಯಲ್ಲಿ.

ಬಳ್ಳಾರಿಯ ಒಂದು ಕುಟುಂಬ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಳಗ್ಗೆ ಮೈಸೂರಿಗೆ ಬಂದಿಳಿಯಿತೆಂದು ಭಾವಿಸೋಣ. ಯಜಮಾನ, ಆತನ ಪತ್ನಿ, ವಯಸ್ಸಾದ ತಾಯಿ ಮತ್ತು ಕಾಲೇಜಿಗೆ ಹೋಗುವ ಮಗ. ಅವರಿಗೆ ಎದುರಾಗುವ ಮೊದಲ ತೊಡಕು ನಿಲ್ದಾಣದ್ದು. ಮೈಸೂರಿನಲ್ಲಿ ಗ್ರಾಮಾಂತರ ಬಸ್ ನಿಲ್ದಾಣ ಬೇರೆ, ನಗರ ಬಸ್ ನಿಲ್ದಾಣ ಬೇರೆ. ಸ್ಥಳೀಯರಿಗೆ ಇದು ಹೇಳಬೇಕಾದ ವಿಷಯವೇ ಅಲ್ಲ. ಹೊಸಬರಿಗೆ ಕೇಳಬೇಕೆಂಬುದೇ ಹೊಳೆಯುವುದಿಲ್ಲ. 'ಬಸ್ ಸ್ಟ್ಯಾಂಡ್ ಎಲ್ಲಿ?' ಎಂದು ಕೇಳಿದ ಕುಟುಂಬ ಗ್ರಾಮಾಂತರ ನಿಲ್ದಾಣವನ್ನು ಸೇರಿ, ಅಲ್ಲಿಂದ ಲಗೇಜು ಹೊತ್ತು ಮತ್ತೆ ನಗರ ನಿಲ್ದಾಣದ ಕಡೆಗೆ ನಡೆಯುವಷ್ಟರಲ್ಲಿ ವಯಸ್ಸಾದ ತಾಯಿಗೆ ಆಯಾಸವಾಗಿರುತ್ತದೆ. ಬಸ್ಸಿನ ಯೋಚನೆ ಅಲ್ಲಿಗೇ ಮುಗಿದು ಬಾಡಿಗೆ ವಾಹನದ ಚೌಕಾಸಿ ಆರಂಭವಾಗುತ್ತದೆ.

ಎರಡನೆಯ ತೊಡಕು ಸಮಯದ್ದು. ದೇವಾಲಯದ ಬಾಗಿಲು ಮಧ್ಯಾಹ್ನ ಮುಚ್ಚಿ ಕೆಲವು ಹೊತ್ತಿನ ಬಳಿಕ ಮತ್ತೆ ತೆರೆಯುತ್ತದೆ. ಇದನ್ನರಿಯದೆ ಬಿಸಿಲೇರಿದ ಮೇಲೆ ಹೊರಟವರು ಬೆಟ್ಟದ ಮೇಲೆ ಮುಚ್ಚಿದ ಬಾಗಿಲಿನ ಎದುರು ಕುಳಿತುಕೊಳ್ಳಬೇಕಾಗುತ್ತದೆ.

ಮೂರನೆಯದು ಹಾಗೂ ಎಲ್ಲಕ್ಕಿಂತ ಗಂಭೀರವಾದುದು ಮರಳುವ ಬಸ್ಸಿನ ಅನಿಶ್ಚಿತತೆ. ಮುಂದಿನ ಬಸ್ಸು 40 ನಿಮಿಷಗಳ ನಂತರ ಎಂಬುದು ಖಚಿತವಾಗಿ ತಿಳಿದಿದ್ದರೆ ಪ್ರವಾಸಿ ಆ 40 ನಿಮಿಷಗಳಲ್ಲಿ ಕಾಫಿ ಕುಡಿಯುತ್ತಾನೆ, ಬಳೆ ಅಂಗಡಿಯ ಮುಂದೆ ನಿಲ್ಲುತ್ತಾನೆ, ಮನೆಗೆ ಕುಂಕುಮ, ಪ್ರಸಾದ, ಆಟಿಕೆ ಕೊಳ್ಳುತ್ತಾನೆ. ಬಸ್ಸು ಯಾವಾಗ ಬರುವುದೋ ತಿಳಿಯದಿದ್ದರೆ ಅದೇ 40 ನಿಮಿಷಗಳನ್ನು ನಿಲ್ದಾಣದ ಕಂಬಕ್ಕೆ ಒರಗಿ ಕಳೆಯುತ್ತಾನೆ. ಹತ್ತು ಹೆಜ್ಜೆ ದೂರದ ಅಂಗಡಿಗೂ ಹೋಗುವುದಿಲ್ಲ. ಕಾಯುವ ಸಮಯ ಒಂದೇ ಆದರೂ ವ್ಯಾಪಾರ ಒಂದೇ ಆಗಿರುವುದಿಲ್ಲ. ಸಂಜೆಯ ಕೊನೆಯ ಬಸ್ಸಿನ ವಿಷಯದಲ್ಲಂತೂ ಈ ಆತಂಕ ಇಮ್ಮಡಿಯಾಗುತ್ತದೆ. ಕತ್ತಲಾದ ಮೇಲೆ ದೀಪಗಳಿಂದ ಬೆಳಗುವ ನಗರವನ್ನು ಬೆಟ್ಟದಿಂದ ನೋಡುವುದು ಮೈಸೂರಿನ ಅತ್ಯುತ್ತಮ ನೋಟಗಳಲ್ಲಿ ಒಂದು. ಕೊನೆಯ ಬಸ್ಸಿನ ಸಮಯ ತಿಳಿಯದ ಕುಟುಂಬ ಅದನ್ನು ನೋಡದೆಯೇ ಇಳಿದುಬಿಡುತ್ತದೆ.

ಬಸ್ಸಿನಲ್ಲಿ ಹತ್ತಿ, ಮೆಟ್ಟಿಲುಗಳಲ್ಲಿ ಇಳಿಯುತ್ತ ನಂದಿಯನ್ನು ನೋಡಿ ಪಾದವನ್ನು ಸೇರುವುದು ಬೆಟ್ಟವನ್ನು ಕಾಣುವ ಸುಖಕರವಾದ ಕ್ರಮ. ಕಾಲಿಗೆ ಶ್ರಮ ಕಡಿಮೆ, ವಾಹನದ ಹಂಗಿಲ್ಲ. ಆದರೆ ಪಾದದಿಂದ ಪೇಟೆಗೆ ಮರಳುವ ಬಗೆ ಏನೆಂಬುದು ಮುಂಚಿತವಾಗಿ ತಿಳಿಯದ ಹೊರತು ಹೊಸಬರು ಈ ಸಾಹಸಕ್ಕೆ ಮುಂದಾಗುವುದಿಲ್ಲ.

ಲೆಕ್ಕದ ದೃಷ್ಟಿಯಿಂದ

ಮೇಲೆ ಹೇಳಿದ ಕುಟುಂಬದ ಖರ್ಚನ್ನು ಉದಾಹರಣೆಗಾಗಿ ಲೆಕ್ಕ ಹಾಕಬಹುದು. ಬಾಡಿಗೆ ವಾಹನಕ್ಕೆ ಹೋಗಿಬರಲು 900 ರೂಪಾಯಿ, ಸಾಮಾನ್ಯ ಬಸ್ಸಿಗೆ ತಲಾ 30 ರೂಪಾಯಿ ಎಂದು ಭಾವಿಸೋಣ. ಇವು ಲೆಕ್ಕದ ಅನುಕೂಲಕ್ಕಾಗಿ ಹಿಡಿದ ಅಂಕಿಗಳೇ ಹೊರತು ಜಾರಿಯಲ್ಲಿರುವ ದರಗಳಲ್ಲ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆದ್ದರಿಂದ ಪತ್ನಿ ಮತ್ತು ತಾಯಿಗೆ ಟಿಕೆಟ್ ವೆಚ್ಚವಿಲ್ಲ. ತಂದೆ ಮತ್ತು ಮಗನಿಗೆ ಹೋಗಿಬರಲು 120 ರೂಪಾಯಿ. ಉಳಿತಾಯ 780 ರೂಪಾಯಿ. ಕುಟುಂಬ ಹೊರ ರಾಜ್ಯದ್ದಾಗಿದ್ದರೆ ನಾಲ್ವರಿಗೂ ಟಿಕೆಟ್ ಸೇರಿ 240 ರೂಪಾಯಿ. ಆಗಲೂ ಉಳಿತಾಯ 660 ರೂಪಾಯಿ. ಹವಾನಿಯಂತ್ರಿತವಲ್ಲದ ಸ್ಟೇಜ್ ಕ್ಯಾರೇಜ್ ಬಸ್ಸಿನ ಪ್ರಯಾಣಕ್ಕೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇರುವುದರಿಂದ ಟಿಕೆಟ್ಟಿನ ಮೇಲೆ ತೆರಿಗೆಯ ಹೊರೆಯೂ ಇಲ್ಲ.

ಪ್ರವಾಸಕ್ಕೆಂದು ತೆಗೆದಿಟ್ಟ ಹಣವನ್ನು ಬಹುತೇಕ ಕುಟುಂಬಗಳು ಮನೆಗೆ ಮರಳಿ ಒಯ್ಯುವುದಿಲ್ಲ. ಉಳಿದ ಹಣ ಊಟಕ್ಕೆ, ಮೈಸೂರು ಪಾಕಿಗೆ, ಅಗರಬತ್ತಿಗೆ, ಸ್ಯಾಂಡಲ್ ಸೋಪಿಗೆ, ಸಾಧ್ಯವಾದರೆ ಒಂದು ಸೀರೆಗೆ ಸಲ್ಲುತ್ತದೆ. 201ನೇ ಬಸ್ಸು ಇಳಿಸುವ ನಗರ ನಿಲ್ದಾಣ ಅರಮನೆಯ ಪಕ್ಕದಲ್ಲಿ, ಕೃಷ್ಣರಾಜ ವೃತ್ತಕ್ಕೆ ಹತ್ತಿರದಲ್ಲಿದೆ. ಅಲ್ಲಿಂದ ದೇವರಾಜ ಮಾರುಕಟ್ಟೆ ಮತ್ತು ಸಯ್ಯಾಜಿರಾವ್ ರಸ್ತೆ ಕೆಲವೇ ನಿಮಿಷಗಳ ನಡಿಗೆ. ಬಾಡಿಗೆ ಕಾರು ಪ್ರವಾಸಿಯನ್ನು ತನಗೆ ಬೇಕಾದ ಬಾಗಿಲಿಗೆ ಒಯ್ಯುತ್ತದೆ. ಬಸ್ಸಾದರೋ ಅವನನ್ನು ಪೇಟೆಯ ನಡುವೆ ತಂದು ಬಿಡುತ್ತದೆ. ಅಂಗಡಿಯ ಆಯ್ಕೆ ಅವನದೇ ಆಗುತ್ತದೆ.

ಆಕ್ಷೇಪಣೆಗಳು

ಇಲ್ಲಿ ಎರಡು ಆಕ್ಷೇಪಣೆಗಳು ಏಳುವುದು ಸಹಜ. ಆಟೋ ಮತ್ತು ಟ್ಯಾಕ್ಸಿ ಚಾಲಕರೂ ಇದೇ ನಗರದವರು. ಅವರಿಗೆ ಸಂದ ಹಣವೂ ಇದೇ ಪೇಟೆಯಲ್ಲಿ ಖರ್ಚಾಗುತ್ತದೆ ಎಂಬುದು ಮೊದಲನೆಯದು. ಇದು ನ್ಯಾಯವಾದ ಮಾತು. ಬಸ್ಸಿನ ಮಾಹಿತಿ ದೊರೆತ ಮಾತ್ರಕ್ಕೆ ಎಲ್ಲರೂ ಬಸ್ಸನ್ನೇ ಏರುವುದಿಲ್ಲ. ವೃದ್ಧರು, ಹಸುಗೂಸುಗಳಿರುವವರು, ಸಮಯದ ಅಭಾವವಿರುವವರು ಬಾಡಿಗೆ ವಾಹನವನ್ನೇ ಆರಿಸಿಕೊಳ್ಳುತ್ತಾರೆ. ತಿಳಿದು ಆರಿಸಿಕೊಂಡವನಿಗೆ ಕೊಟ್ಟ ಹಣದ ಬಗ್ಗೆ ಕೊರಗಿಲ್ಲ. ತಿಳಿಯದೆ ಹೆಚ್ಚು ತೆತ್ತವನು ಮಾತ್ರ ಊರಿಗೆ ಮರಳಿ ಮೈಸೂರಿನ ಬಗೆಗೆ ಹತ್ತು ಜನರ ಬಳಿ ದೂರುತ್ತಾನೆ. ಹೊಸ ಗಿರಾಕಿಗೆ ತೂಕದಲ್ಲಿ ಮೋಸವಾದರೆ ಅಂಗಡಿಗೆ ಆಗುವ ನಷ್ಟವೇ ಇಲ್ಲಿ ಇಡೀ ಊರಿಗೆ ಆಗುತ್ತದೆ.

ಎರಡನೆಯದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಪ್ರವಾಸಿಯ ಅಜ್ಞಾನದಿಂದ ಕೆಲವು ವರ್ತಕರಿಗೂ ಲಾಭವಿದೆ. ಗಿರಾಕಿಯನ್ನು ಕರೆತಂದ ವಾಹನಕ್ಕೆ ಕಮಿಷನ್ ಕೊಡುವ ಪದ್ಧತಿ ಪ್ರವಾಸಿ ಊರುಗಳಲ್ಲಿ ಹೊಸತೇನಲ್ಲ. ಆ ಕಮಿಷನ್ ಯಾರ ಖಾತೆಯಿಂದ ಹೋಗುತ್ತದೆ ಎಂಬುದನ್ನು ಕೂಲಂಕಷವಾಗಿ ನೋಡಬೇಕು. ಅದನ್ನು ಬೆಲೆಗೆ ಸೇರಿಸಿದರೆ ಗಿರಾಕಿಗೆ ಹೊರೆ. ಸೇರಿಸದಿದ್ದರೆ ಅಂಗಡಿಯ ಲಾಭಾಂಶಕ್ಕೆ ಕೊರತೆ. ಇವೆರಡರ ಜೊತೆಗೆ, ಕಮಿಷನ್ ಕೊಡದ ಪಕ್ಕದ ಪ್ರಾಮಾಣಿಕ ಅಂಗಡಿಯ ಮುಂದೆ ವಾಹನ ನಿಲ್ಲುವುದೇ ಇಲ್ಲ. ತಾನಾಗಿ ನಡೆದು ಬರುವ ಗಿರಾಕಿಗೆ ಕಮಿಷನ್ ಇಲ್ಲ. ಸಣ್ಣ ವರ್ತಕನ ಹಿತ ಯಾವುದರಲ್ಲಿದೆ ಎಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆಷಾಢ ಮತ್ತು ತಿರುಮಲ ಕಲಿಸುವ ಪಾಠ

ಬೆಟ್ಟವನ್ನು ಬಸ್ಸಿನಿಂದಲೇ ನಿರ್ವಹಿಸಬಹುದೆಂಬುದಕ್ಕೆ ಪುರಾವೆ ಮೈಸೂರಿನಲ್ಲೇ ಇದೆ. ಇತ್ತೀಚಿನ ವರ್ಷಗಳ ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ಬೆಟ್ಟಕ್ಕೆ ಬಿಡದೆ, ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಿಂದ ಭಕ್ತರನ್ನು ಬಸ್ಸುಗಳಲ್ಲಿ ಕರೆದೊಯ್ಯುವ ಕ್ರಮ ನಡೆದುಬಂದಿದೆ. ವರ್ಷದ ಅತ್ಯಂತ ದಟ್ಟಣೆಯ ದಿನಗಳಲ್ಲಿ ಸಾಧ್ಯವಾದದ್ದು ಉಳಿದ ದಿನಗಳಲ್ಲಿ ಅಸಾಧ್ಯವೆನ್ನುವುದು ಒಪ್ಪತಕ್ಕ ಮಾತಲ್ಲ. ಆ ದಿನಗಳಲ್ಲಿ ಬಸ್ಸು ಎಲ್ಲಿ ಸಿಗುತ್ತದೆ ಎಂಬುದು ಮುಂಚೆಯೇ ಪತ್ರಿಕೆಗಳಲ್ಲಿ ಪ್ರಕಟವಾಗಿರುತ್ತದೆ, ಮೈದಾನದಲ್ಲಿ ಸಾಲು ಇರುತ್ತದೆ, ವಿಚಾರಿಸಲು ಜನರಿರುತ್ತಾರೆ. ಮಿಕ್ಕ ದಿನಗಳಲ್ಲಿ ಬಂದ ಹೊಸಬರಿಗೆ ಬೇಕಾಗಿರುವುದೂ ಇಷ್ಟೇ.

ತಿರುಮಲದ ಉದಾಹರಣೆಯೂ ಗಮನಾರ್ಹ. ಅಲ್ಲಿ ಮೊದಲ ಘಾಟ್ ರಸ್ತೆ ತೆರೆದದ್ದು 1944ರಲ್ಲಿ; ಮುಂದೆ ಎರಡನೆಯ ರಸ್ತೆಯೂ ಆಗಿ ಏರುವ ಮತ್ತು ಇಳಿಯುವ ವಾಹನಗಳ ದಾರಿ ಬೇರೆ ಬೇರೆಯಾಯಿತು. ತಿರುಪತಿಯಲ್ಲಿ ಇಳಿದ ಯಾತ್ರಿಕ ಬೆಟ್ಟದ ಬಸ್ಸಿಗಾಗಿ ವೇಳಾಪಟ್ಟಿ ಹುಡುಕುವುದಿಲ್ಲ. ಒಂದು ತುಂಬಿ ಹೊರಡುತ್ತಿದ್ದಂತೆ ಇನ್ನೊಂದು ನಿಂತಿರುತ್ತದೆ. ಬೆಟ್ಟದ ಮೇಲೆ ಓಡಾಡಲು ದೇವಸ್ಥಾನದ ಉಚಿತ ಬಸ್ಸುಗಳಿವೆ. ತಿರುಮಲದ ಯಾತ್ರಿಕರ ಸಂಖ್ಯೆಯೂ ಆದಾಯವೂ ಬೇರೆಯೇ ಪ್ರಮಾಣದವು. ಅದನ್ನು ಇದ್ದಂತೆ ಇಲ್ಲಿಗೆ ತರಲಾಗದು. ಆದರೆ ಯಾತ್ರಿಕನಿಗೆ 'ಹೇಗೆ ಹೋಗುವುದು' ಎಂಬ ಚಿಂತೆ ಇರಬಾರದೆಂಬ ತತ್ವವನ್ನು ತರಲು ಅಡ್ಡಿಯಿಲ್ಲ.

ಬೆಟ್ಟದ ಧಾರಣಶಕ್ತಿಯ ಪ್ರಶ್ನೆಯೂ ಇದೆ. 2021ರ ಮಳೆಗಾಲದ ಕೊನೆಯಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆಯ ಭಾಗ ಕುಸಿದದ್ದು ಎಲ್ಲರ ನೆನಪಿನಲ್ಲಿದೆ. ಒಂದು ಬಸ್ಸಿನಲ್ಲಿ ಹೋಗುವಷ್ಟು ಜನ ಕಾರುಗಳಲ್ಲಿ ಹೋದರೆ ಹತ್ತಕ್ಕೂ ಹೆಚ್ಚು ಕಾರುಗಳು ಬೇಕು. ಮೇಲೆ ಅಷ್ಟಕ್ಕೂ ನಿಲ್ಲಲು ಸ್ಥಳ ಬೇಕು. ಬೆಟ್ಟವೇ ಮೂಲಧನ. ಅದನ್ನು ಕರಗಿಸಿ ಲಾಭವೆಂದು ಬರೆದುಕೊಳ್ಳುವುದು ಯಾವ ಲೆಕ್ಕಪದ್ಧತಿಗೂ ಒಪ್ಪುವಂಥದ್ದಲ್ಲ.

ಆಗಬೇಕಾದ ಕೆಲಸ

ಸಾರ್ವಜನಿಕ ಹಣದ ವಿನಿಯೋಗದಲ್ಲಿ ಬಂಡವಾಳ ವೆಚ್ಚಕ್ಕೆ ಇರುವ ಆಕರ್ಷಣೆ ರಾಜಸ್ವ ವೆಚ್ಚಕ್ಕೆ ಇಲ್ಲ. ಕಟ್ಟಡಕ್ಕೆ ಶಂಕುಸ್ಥಾಪನೆಯ ಕಲ್ಲು ಇರುತ್ತದೆ. ವೇಳಾಪಟ್ಟಿಯ ಫಲಕವನ್ನು ವರ್ಷಕ್ಕೆರಡು ಸಲ ತಿದ್ದಿ ಬರೆಯುವುದಕ್ಕೆ ಸಮಾರಂಭವಿಲ್ಲ. 2012ರಲ್ಲಿ ಮೈಸೂರಿನ ನಗರ ಬಸ್ಸುಗಳಿಗೆ ಇಂಟೆಲಿಜೆಂಟ್ ಟ್ರಾನ್ಸ್‌ಪೋರ್ಟ್ ಸಿಸ್ಟಂ ಅಳವಡಿಸಿದಾಗ, ಬಸ್ಸು ಬರುವ ಸಮಯವನ್ನು ನಿಲ್ದಾಣದಲ್ಲೇ ತೋರಿಸುವ ಆ ವ್ಯವಸ್ಥೆ ದೇಶದ ಗಮನ ಸೆಳೆದಿತ್ತು. ಇಂತಹ ವ್ಯವಸ್ಥೆಗಳ ಬೆಲೆ ಉದ್ಘಾಟನೆಯ ದಿನ ತಿಳಿಯುವುದಿಲ್ಲ. ಹತ್ತು ವರ್ಷಗಳ ನಂತರವೂ ಅವು ಸರಿಯಾದ ಸಮಯ ಹೇಳುತ್ತವೆಯೇ ಎಂಬುದರಿಂದ ತಿಳಿಯುತ್ತದೆ.

ಆದ್ದರಿಂದ ವಾಣಿಜ್ಯ ವಲಯವು ಮುಂದಿಡಬೇಕಾದ ಬೇಡಿಕೆಗಳು ಸರಳವಾದವು. ರೈಲು ನಿಲ್ದಾಣ ಮತ್ತು ಗ್ರಾಮಾಂತರ ಬಸ್ ನಿಲ್ದಾಣಗಳ ನಿರ್ಗಮನ ದ್ವಾರದಲ್ಲಿ, ಬೆಟ್ಟದ ಬಸ್ಸಿನ ಸಂಖ್ಯೆ ಮತ್ತು ನಗರ ನಿಲ್ದಾಣದ ದಾರಿಯನ್ನು ಕನ್ನಡ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಮಲಯಾಳಂಗಳಲ್ಲಿ ತಿಳಿಸುವ ದೊಡ್ಡ ಫಲಕವಿರಬೇಕು. ಬೆಟ್ಟದ ಮೇಲಿನ ನಿಲ್ದಾಣದಲ್ಲಿ ಮರಳುವ ಬಸ್ಸುಗಳ ಸಮಯ, ಮುಖ್ಯವಾಗಿ ಕೊನೆಯ ಬಸ್ಸಿನ ಸಮಯ, ದೂರದಿಂದಲೇ ಓದುವಂತಿರಬೇಕು. ದೇವಾಲಯದ ಬಾಗಿಲು ಮುಚ್ಚುವ ವೇಳೆಯನ್ನು ಕೆಳಗಿನ ನಿಲ್ದಾಣದಲ್ಲೇ ತಿಳಿಸಬೇಕು. ಪಾದದಿಂದ ನಗರಕ್ಕೆ ನಂಬಬಹುದಾದ ಬಸ್ ಸಂಪರ್ಕವಿರಬೇಕು. ಲಗೇಜು ಇರಿಸುವ ಕೊಠಡಿ ಎಲ್ಲಿದೆ ಎಂಬುದೂ ಅದೇ ಫಲಕದಲ್ಲಿರಬೇಕು; ಕೈ ಬರಿದಾಗಿದ್ದವನೇ ಮುಂದೆ ಖರೀದಿಗೆ ಇಳಿಯುವವನು.

ಬೇಡಿಕೆಗಳನ್ನು ಸಲ್ಲಿಸುವ ಮೊದಲು ವರ್ತಕರು ತಾವೇ ಮಾಡಬಹುದಾದದ್ದೂ ಇದೆ. ವಸತಿಗೃಹಗಳು ಕೊಠಡಿಯ ಕೀಲಿಕೈ ಕೊಡುವಾಗ ಬಸ್ಸಿನ ಸಂಖ್ಯೆ, ಹತ್ತುವ ಸ್ಥಳ, ಕೊನೆಯ ಬಸ್ಸಿನ ಸಮಯಗಳಿರುವ ಒಂದು ಚೀಟಿ ಕೊಡಬಹುದು. ಹೋಟೆಲು, ಅಂಗಡಿಗಳ ಬಿಲ್ಲಿನ ಹಿಂಬದಿ ಹೇಗೂ ಖಾಲಿಯಿರುತ್ತದೆ. ಅಲ್ಲಿ ಇದನ್ನೇ ಮುದ್ರಿಸಿದರೆ ಹೆಚ್ಚುವರಿ ವೆಚ್ಚ ನಗಣ್ಯ. ಬೆಟ್ಟದ ಮೇಲಿನ ಅಂಗಡಿಯವರು ಮುಂದಿನ ಬಸ್ಸಿನ ಸಮಯವನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರೆ, ಕಂಬಕ್ಕೆ ಒರಗಿ ನಿಂತವರು ಅಂಗಡಿಯ ನೆರಳಿಗೆ ಬರುತ್ತಾರೆ.

ಈ ಯಾವುದಕ್ಕೂ ಸಾಲ ಬೇಕಿಲ್ಲ, ಸಹಾಯಧನ ಬೇಕಿಲ್ಲ, ಜಾಗತಿಕ ಟೆಂಡರೂ ಬೇಕಿಲ್ಲ. ಬೇಕಾಗಿರುವುದು ಊರನ್ನು ಊರಿನವರ ಕಣ್ಣಿನಿಂದ ನೋಡುವ ಅಭ್ಯಾಸವನ್ನು ಒಂದು ದಿನದ ಮಟ್ಟಿಗೆ ಬದಿಗಿಡುವುದು. ವಾಣಿಜ್ಯ ಸಂಸ್ಥೆಯ ಪದಾಧಿಕಾರಿಗಳು ಒಂದು ಭಾನುವಾರ ತಮ್ಮ ವಾಹನಗಳನ್ನು ಮನೆಯಲ್ಲೇ ಬಿಟ್ಟು, ರೈಲು ನಿಲ್ದಾಣದಿಂದ ಹೊರಟು, ಯಾರನ್ನೂ ಕೇಳದೆ ಕೇವಲ ಫಲಕಗಳನ್ನು ನೋಡಿಕೊಂಡು ಬೆಟ್ಟಕ್ಕೆ ಹೋಗಿಬರಲಿ. ಎಲ್ಲೆಲ್ಲಿ ದಾರಿ ಕೇಳಬೇಕೆನಿಸಿತೋ ಆ ಸ್ಥಳಗಳನ್ನೆಲ್ಲ ಬರೆದುಕೊಳ್ಳಲಿ. ಮುಂದಿನ ನಿಯೋಗ ಒಯ್ಯಬೇಕಾದ ಮನವಿಪತ್ರ ಅದೇ ಆಗಿರುತ್ತದೆ.